ಬಾಣಗಾರನ ಮಗ ಹೈದರ

ಮಕ್ಕಳೇ, 2023ರ ಆಗಸ್ಟ್ 23ರ ಸಂಜೆ ನಿಮಗೆ ನೆನಪಿದೆಯೇ? ಆವತ್ತು ಚಂದ್ರಯಾನ-3ರ ವಿಕ್ರಮ್ ಲ್ಯಾಂಡರ್ ಚಂದ್ರನ ಮೇಲೆ ಇಳಿಯಿತು. ಅನೇಕ ಶಾಲೆಗಳಲ್ಲಿ ಟಿ.ವಿ. ಇಟ್ಟು ಎಲ್ಲರೂ ಒಟ್ಟಿಗೆ ಕುಳಿತು ನೋಡಿದರು. ಲ್ಯಾಂಡರ್ ಮೇಲೆ ಕಣ್ಣಿಟ್ಟು ಆದೇಶ ಕಳುಹಿಸುತ್ತಿದ್ದ ವಿಜ್ಞಾನಿಗಳು ಕುಳಿತಿದ್ದ ಜಾಗ ಯಾವುದು ಗೊತ್ತೇ? ನಮ್ಮ ಬೆಂಗಳೂರಿನ ಪೀಣ್ಯ! ಸುತ್ತ ಲೇತ್ ಯಂತ್ರಗಳ ಸದ್ದು, ಲಾರಿಗಳ ಓಡಾಟ, ನಡುವೆ ಇಸ್ರೋದ ಇಸ್ಟ್ರಾಕ್ ಕೇಂದ್ರ. ಅದಕ್ಕೂ ಬಹಳ ಮೊದಲು, ಭಾರತದ ಮೊದಲ ಉಪಗ್ರಹ ಆರ್ಯಭಟ ತಯಾರಾದದ್ದೂ ಪೀಣ್ಯದ ಕೈಗಾರಿಕಾ ಶೆಡ್ಡುಗಳಲ್ಲೇ. ಉಡುಪಿ ಬಳಿಯ ಅದಮಾರಿನವರಾದ ಪ್ರೊ. ಯು.ಆರ್. ರಾವ್ ಅವರ ನೇತೃತ್ವದ ತಂಡ ಅದನ್ನು ಕಟ್ಟಿತು. 1975ರ ಏಪ್ರಿಲ್ 19ರಂದು ರಷ್ಯಾದ ರಾಕೆಟ್ ಅದನ್ನು ಆಕಾಶಕ್ಕೆ ಒಯ್ದಿತು.

ಆದರೆ ಬೆಂಗಳೂರಿಗೂ ರಾಕೆಟ್ಟಿಗೂ ಇರುವ ನಂಟು ಇದಕ್ಕಿಂತ ಹಳೆಯದು. ಸುಮಾರು 250 ವರ್ಷಗಳ ಹಿಂದೆಯೇ ಈ ಸೀಮೆಯಲ್ಲಿ ಕಬ್ಬಿಣದ ಕೊಳವೆಯ ರಾಕೆಟ್ಟುಗಳು ತಯಾರಾಗುತ್ತಿದ್ದವು. ಅವುಗಳಿಗೆ ನಮ್ಮ ಹಿರಿಯರು ಇಟ್ಟಿದ್ದ ಹೆಸರು ಬಾಣ. ಈಗಲೂ ಜಾತ್ರೆ, ಉತ್ಸವಗಳಲ್ಲಿ ಬಾಣ ಬಿರುಸು ಬಿಡುವುದು ಎನ್ನುತ್ತೇವಲ್ಲ, ಅದೇ ಬಾಣ. ಈ ಬಾಣವನ್ನು ಜಾತ್ರೆಯ ಬಯಲಿನಿಂದ ಯುದ್ಧಭೂಮಿಗೆ ದೊಡ್ಡ ಪ್ರಮಾಣದಲ್ಲಿ ಒಯ್ದವನು ಹೈದರ್ ಅಲಿ. ಅವನ ಯುದ್ಧಗಳ ಬಗ್ಗೆ ಸಮಾಜ ವಿಜ್ಞಾನದ ಪಾಠದಲ್ಲಿ ಓದಿರುತ್ತೀರಿ. ಇಲ್ಲಿ ಅವನ ಬದುಕನ್ನು ಬಾಣದ ಜಾಡಿನಲ್ಲೇ ನೋಡೋಣ ಬನ್ನಿ.

ಬೂದಿಕೋಟೆಯ ಹುಡುಗ

ಕೋಲಾರ ಜಿಲ್ಲೆಯ ಬಂಗಾರಪೇಟೆ ತಾಲ್ಲೂಕಿನಲ್ಲಿ ಬೂದಿಕೋಟೆ ಎಂಬ ಊರಿದೆ. 1720ರ ಆಸುಪಾಸಿನಲ್ಲಿ ಹೈದರ ಹುಟ್ಟಿದ್ದು ಅಲ್ಲಿ. ತಂದೆಯ ಹೆಸರು ಫತ್ ಮಹಮ್ಮದ್. ಆತ ಸೈನಿಕ. ಆರ್ಕಾಟಿನ ನವಾಬನ ಸೇವೆಯಲ್ಲಿದ್ದಾಗ 50 ಮಂದಿ ಬಾಣಗಾರರ ಪಡೆಗೆ ಆತ ಮುಖ್ಯಸ್ಥನಾಗಿದ್ದ. ಬಾಣಗಾರರು ಎಂದರೆ ಮದ್ದು ತುಂಬಿದ ಬಾಣಗಳನ್ನು ಹಾರಿಸುವವರು. ಆ ಕಾಲದಲ್ಲಿ ಬಾಣಗಳನ್ನು ಹೆಚ್ಚಾಗಿ ದೂರದ ಪಡೆಗೆ ಸಂಕೇತ ಕೊಡಲು, ಎದುರಾಳಿಯ ಕುದುರೆ ಆನೆಗಳನ್ನು ಬೆದರಿಸಲು ಬಳಸುತ್ತಿದ್ದರು. ಈಗಿನ ಮಕ್ಕಳು ಅಪ್ಪ ಕೆಲಸ ಮಾಡುವ ಗ್ಯಾರೇಜಿನ ಸ್ಪ್ಯಾನರ್, ನಟ್ಟು, ಬೋಲ್ಟುಗಳ ಹೆಸರನ್ನು ಕೇಳಿ ಕೇಳಿಯೇ ಕಲಿತುಬಿಡುತ್ತಾರೆ, ಅಲ್ಲವೇ? ಬಾಣ, ಮದ್ದು ಎಂಬ ಮಾತುಗಳು ಹೈದರನ ಮನೆಗೂ ಹಾಗೆಯೇ ಹೊಸವಾಗಿರಲಿಲ್ಲ.

ಆದರೆ ತಂದೆಯ ನೆರಳು ಹೆಚ್ಚು ಕಾಲ ಉಳಿಯಲಿಲ್ಲ. ಹೈದರ ಇನ್ನೂ ಚಿಕ್ಕವನಿದ್ದಾಗಲೇ ಫತ್ ಮಹಮ್ಮದ್ ಯುದ್ಧವೊಂದರಲ್ಲಿ ಮಡಿದ. ಆಗ ಕುಟುಂಬ ದೊಡ್ಡಬಳ್ಳಾಪುರದಲ್ಲಿ ಬಹಳ ಕಷ್ಟಪಟ್ಟಿತು. ಮುಂದೆ ಬಂಧುವೊಬ್ಬನ ನೆರವಿನಿಂದ ತಾಯಿ ಮತ್ತು ಮಕ್ಕಳು ಶ್ರೀರಂಗಪಟ್ಟಣ ಸೇರಿದರು. ಅಣ್ಣ ಶಹಬಾಜ್ ಮೈಸೂರಿನ ಸೈನ್ಯ ಸೇರಿಕೊಂಡ. ಹೈದರ ಓದು ಬರಹ ಕಲಿಯಲೇ ಇಲ್ಲ. ಕಾಡು ಸುತ್ತುವುದು, ಬೇಟೆಯಾಡುವುದು, ಕುದುರೆ ಸವಾರಿ, ಇವೇ ಅವನ ಶಾಲೆಯಾದವು.

ದೇವನಹಳ್ಳಿಯಿಂದ ದಿಂಡಿಗಲ್ಲಿಗೆ

ಈಗ ಬೆಂಗಳೂರಿನ ವಿಮಾನ ನಿಲ್ದಾಣ ಇರುವುದು ದೇವನಹಳ್ಳಿಯ ಬಳಿ. ಆ ಊರಿನ ಕೋಟೆಯನ್ನು ನೀವು ನೋಡಿರಬಹುದು. 1749ರಲ್ಲಿ ಮೈಸೂರಿನ ಸೈನ್ಯ ಆ ಕೋಟೆಗೆ ಮುತ್ತಿಗೆ ಹಾಕಿತು. ಮುತ್ತಿಗೆ ತಿಂಗಳುಗಟ್ಟಲೆ ನಡೆಯಿತು. ಹೈದರ ಆಗ ಅಣ್ಣನ ಜೊತೆ ಬಂದಿದ್ದ ಒಬ್ಬ ಸಾಮಾನ್ಯ ಸವಾರ. ಅವನ ಎದೆಗಾರಿಕೆ ಮತ್ತು ತಾಳ್ಮೆಯನ್ನು ಮೈಸೂರಿನ ಅಧಿಕಾರ ನಡೆಸುತ್ತಿದ್ದ ನಂಜರಾಜಯ್ಯ ಗಮನಿಸಿದ. ಕೋಟೆ ಗೆದ್ದ ಮೇಲೆ ಹೈದರನಿಗೆ 50 ಕುದುರೆ ಸವಾರರು ಮತ್ತು 200 ಕಾಲಾಳುಗಳ ಸಣ್ಣ ಪಡೆ ಸಿಕ್ಕಿತು. ಕೋಟೆಯ ಒಂದು ಬಾಗಿಲ ಕಾವಲೂ ಅವನ ಪಾಲಿಗೆ ಬಂತು. ಮುಂದೆ ಅವನ ಮಗ ಟಿಪ್ಪು ಹುಟ್ಟಿದ್ದು ಅದೇ ದೇವನಹಳ್ಳಿಯಲ್ಲಿ.

1755ರಲ್ಲಿ ಹೈದರ ದಿಂಡಿಗಲ್ಲಿನ ಫೌಜುದಾರನಾದ. ದಿಂಡಿಗಲ್ಲು ಈಗಿನ ತಮಿಳುನಾಡಿನಲ್ಲಿದೆ. ಅಲ್ಲಿ ಅವನು ಮಾಡಿದ ಒಂದು ಕೆಲಸ ನಮ್ಮ ಕಥೆಗೆ ಬಹಳ ಮುಖ್ಯ. ಫಿರಂಗಿ ಮತ್ತು ಮದ್ದಿನ ಕೆಲಸ ಬಲ್ಲ ಫ್ರೆಂಚ್ ಕುಶಲಕರ್ಮಿಗಳನ್ನು ಕರೆಸಿಕೊಂಡು ಆಯುಧಶಾಲೆಯನ್ನೂ ಮದ್ದು ತಯಾರಿಸುವ ಕಾರ್ಯಾಗಾರವನ್ನೂ ಕಟ್ಟಿಸಿದ. ಇದ್ದ ವಿದ್ಯೆಯ ಜೊತೆಗೆ ಹೊರಗಿನಿಂದ ಬಂದ ವಿದ್ಯೆಯನ್ನು ಸೇರಿಸಿಕೊಳ್ಳಲು ಅವನಿಗೆ ಸಂಕೋಚವಿರಲಿಲ್ಲ. ಗೊತ್ತಿಲ್ಲದ್ದನ್ನು ಗೊತ್ತಿರುವವರಿಂದ ಕೇಳಿ ಕಲಿಯುವುದು ಒಳ್ಳೆಯ ವಿದ್ಯಾರ್ಥಿಯ ಲಕ್ಷಣ ತಾನೇ?

ಕೆಲವು ವರ್ಷಗಳಲ್ಲಿ ಬೆಂಗಳೂರು ಅವನ ಜಾಗೀರಾಯಿತು. 1760ರಲ್ಲಿ ಅವನು ಒಂದು ತೋಟ ಮಾಡಿಸಲು ತೊಡಗಿದ. ಅದೇ ಇಂದಿನ ಲಾಲ್‌ಬಾಗ್. ಅದೇ ವರ್ಷ ಶ್ರೀರಂಗಪಟ್ಟಣದಲ್ಲಿ ಅವನ ವಿರುದ್ಧ ಸಂಚು ನಡೆಯಿತು. ಹೈದರ ರಾತ್ರೋರಾತ್ರಿ ಕಾವೇರಿ ದಾಟಿ ಕುದುರೆ ಏರಿ ಓಡಿದ. ಅವನು ಮೊದಲು ತಲುಪಿದ್ದು ಎಲ್ಲಿಗೆ ಗೊತ್ತೇ? ಆನೇಕಲ್ಲಿನ ಕೋಟೆಗೆ! ಈಗ ಎಲೆಕ್ಟ್ರಾನಿಕ್ ಸಿಟಿ ಇರುವುದು ಅದೇ ಆನೇಕಲ್ ತಾಲ್ಲೂಕಿನಲ್ಲಿ. ಅಲ್ಲಿಂದ ಬೆಂಗಳೂರಿಗೆ ಬಂದು ಮತ್ತೆ ಪಡೆ ಕಟ್ಟಿದ. 1761ರಲ್ಲಿ ಮೈಸೂರು ರಾಜ್ಯದ ಅಧಿಕಾರವೆಲ್ಲ ಅವನ ಕೈಗೆ ಬಂತು. ಸಿಂಹಾಸನದ ಮೇಲೆ ಒಡೆಯರು ಇದ್ದರೂ ಆಳ್ವಿಕೆ ನಡೆಸಿದವನು ಹೈದರ. ಬೆಂಗಳೂರಿನ ಮಣ್ಣಿನ ಕೋಟೆಯನ್ನು ಕಲ್ಲಿನಲ್ಲಿ ಕಟ್ಟಿಸಿದ್ದೂ ಆ ಕಾಲದಲ್ಲೇ. ಕೃಷ್ಣರಾಜ ಮಾರುಕಟ್ಟೆಯ ಹತ್ತಿರ ಆ ಕೋಟೆಯ ಒಂದು ಭಾಗ ಈಗಲೂ ಉಳಿದಿದೆ. ಪ್ರವಾಸಕ್ಕೆ ಹೋದಾಗ ತಪ್ಪದೇ ನೋಡಿ.

ಮದ್ದು ಅದೇ, ಕೊಳವೆ ಬೇರೆ

ಈಗ ಸ್ವಲ್ಪ ವಿಜ್ಞಾನ. ಬಾಣದೊಳಗಿನ ಕರಿ ಮದ್ದಿನಲ್ಲಿ ಇರುವುದು ಮೂರೇ ವಸ್ತು: ಪೆಟ್ಲುಪ್ಪು, ಇದ್ದಿಲು ಮತ್ತು ಗಂಧಕ. ಪೆಟ್ಲುಪ್ಪಿನ ರಾಸಾಯನಿಕ ಹೆಸರು ಪೊಟ್ಯಾಸಿಯಂ ನೈಟ್ರೇಟ್. ಇದ್ದಿಲು ಮತ್ತು ಗಂಧಕ ಉರಿಯುವ ವಸ್ತುಗಳು. ಸೌದೆ ಉರಿಯಲು ಗಾಳಿಯಲ್ಲಿರುವ ಆಮ್ಲಜನಕ ಬೇಕು ಎಂದು ನೀವು ಕಲಿತಿದ್ದೀರಿ. ಆದರೆ ಮದ್ದಿಗೆ ಹೊರಗಿನ ಗಾಳಿ ಬೇಕಿಲ್ಲ! ಪೆಟ್ಲುಪ್ಪು ತನ್ನೊಳಗೇ ಆಮ್ಲಜನಕವನ್ನು ಹಿಡಿದಿಟ್ಟುಕೊಂಡಿರುತ್ತದೆ. ಬಿಸಿ ತಾಗಿದ ಕೂಡಲೇ ಅದನ್ನು ಇದ್ದಿಲಿಗೂ ಗಂಧಕಕ್ಕೂ ಒದಗಿಸುತ್ತದೆ. ಆದ್ದರಿಂದಲೇ ಮದ್ದು ಮುಚ್ಚಿದ ಕೊಳವೆಯೊಳಗೂ ಕ್ಷಣಮಾತ್ರದಲ್ಲಿ ಉರಿದುಬಿಡುತ್ತದೆ. ಮದ್ದಿನ ಬೆಂಕಿ ಒಮ್ಮೆ ಹತ್ತಿತೆಂದರೆ ಮುಚ್ಚಿಟ್ಟು ಆರಿಸಲು ಆಗದಿರುವುದಕ್ಕೂ ಇದೇ ಕಾರಣ. ಈ ಮಾತನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಮದ್ದು ಉರಿದಾಗ ಬಿಸಿ ಅನಿಲ ಹುಟ್ಟುತ್ತದೆ. ಅದಕ್ಕೆ ಮದ್ದಿಗಿಂತ ನೂರಾರು ಪಟ್ಟು ಹೆಚ್ಚು ಜಾಗ ಬೇಕು. ಕೊಳವೆಯ ಹಿಂದೆ ಮಾತ್ರ ಒಂದು ಸಣ್ಣ ತೂತು. ಅನಿಲ ಅಲ್ಲಿಂದ ರಭಸವಾಗಿ ಹಿಂದಕ್ಕೆ ನುಗ್ಗುತ್ತದೆ, ಕೊಳವೆ ಮುಂದಕ್ಕೆ ಚಿಮ್ಮುತ್ತದೆ. ಪ್ರತಿಯೊಂದು ಕ್ರಿಯೆಗೂ ಸಮನಾದ, ವಿರುದ್ಧ ದಿಕ್ಕಿನ ಪ್ರತಿಕ್ರಿಯೆ ಇರುತ್ತದೆ ಎಂಬ ನ್ಯೂಟನ್ನನ ಮೂರನೆಯ ನಿಯಮ ಇದೇ. ಊದಿದ ಬಲೂನಿನ ಬಾಯಿ ಬಿಟ್ಟರೆ ಅದು ಸುಯ್ಯನೆ ಹಾರುವುದೂ ಹೀಗೆಯೇ.

ಹಾಗಾದರೆ ಮೈಸೂರಿನ ಬಾಣದಲ್ಲಿ ಹೊಸದೇನಿತ್ತು? ಮದ್ದು ಹೊಸದಲ್ಲ. ಚೀನಾದಲ್ಲಿ ನೂರಾರು ವರ್ಷಗಳಿಂದ ಅದು ಗೊತ್ತಿತ್ತು. ಹೊಸದು ಕೊಳವೆ! ಬೇರೆ ಕಡೆ ಬಾಣಗಳ ಕೊಳವೆಯನ್ನು ಕಾಗದದ ಸುರುಳಿಯಿಂದಲೋ ಬಿದಿರಿನಿಂದಲೋ ಮಾಡುತ್ತಿದ್ದರು. ಒಳಗಿನ ಒತ್ತಡ ಸ್ವಲ್ಪ ಹೆಚ್ಚಾದರೂ ಅವು ಒಡೆದುಹೋಗುತ್ತಿದ್ದವು. ಮೈಸೂರಿನ ಬಾಣದ ಕೊಳವೆ ಬಡಿದು ಮಾಡಿದ ಮೆದು ಕಬ್ಬಿಣದ್ದು. ಅಡುಗೆಮನೆಯ ಪ್ರೆಷರ್ ಕುಕ್ಕರನ್ನು ನೆನೆಯಿರಿ. ಅದರ ಗಟ್ಟಿ ಪಾತ್ರೆ ಒತ್ತಡವನ್ನು ತಡೆದುಕೊಳ್ಳುವುದರಿಂದಲೇ ಬೇಳೆ ಬೇಗ ಬೇಯುತ್ತದೆ. ಅದೇ ರೀತಿ ಕಬ್ಬಿಣದ ಕೊಳವೆ ಹೆಚ್ಚು ಒತ್ತಡವನ್ನು ತಡೆದುಕೊಂಡಿತು. ಮದ್ದನ್ನು ಇನ್ನಷ್ಟು ಬಿಗಿಯಾಗಿ ತುಂಬಲು ಸಾಧ್ಯವಾಯಿತು. ಅನಿಲ ಇನ್ನಷ್ಟು ವೇಗವಾಗಿ ಹೊರನುಗ್ಗಿತು. ಬಾಣ ಸುಮಾರು ಒಂದು ಕಿಲೋಮೀಟರ್, ಕೆಲವೊಮ್ಮೆ ಅದಕ್ಕಿಂತಲೂ ದೂರ ಹಾರಿತು. ಗುರಿ ತೀರಾ ಅತ್ತಿತ್ತ ತಪ್ಪದಿರಲೆಂದು ಕೊಳವೆಗೆ ಉದ್ದನೆಯ ಬಿದಿರಿನ ಗಳುವನ್ನು ತೊಗಲಿನ ಪಟ್ಟಿಯಿಂದ ಬಿಗಿಯುತ್ತಿದ್ದರು. ದೀಪಾವಳಿ ರಾಕೆಟ್ಟಿನ ಕಡ್ಡಿಯ ಕೆಲಸವೂ ಇದೇ.

ಈ ಕಬ್ಬಿಣ ಬಂದದ್ದು ಎಲ್ಲಿಂದ? ಮೈಸೂರು ಸೀಮೆಯ ಹಳ್ಳಿಗಳಲ್ಲಿ ಕಬ್ಬಿಣದ ಅದಿರನ್ನು ಕರಗಿಸುವ ಸಣ್ಣ ಸಣ್ಣ ಕುಲುಮೆಗಳಿದ್ದವು. 1800ರಲ್ಲಿ ಈ ಸೀಮೆಯಲ್ಲಿ ಸಂಚರಿಸಿದ ಫ್ರಾನ್ಸಿಸ್ ಬುಕಾನನ್ ಎಂಬ ವೈದ್ಯ ಮಾಗಡಿಯ ಬಳಿ ಮತ್ತು ಚನ್ನರಾಯದುರ್ಗದ ಕಡೆ ಇಂಥ ಕುಲುಮೆಗಳನ್ನು ಕಂಡು ವಿವರವಾಗಿ ಬರೆದಿಟ್ಟಿದ್ದಾನೆ. ಅದಿರು ಆಯ್ದವರು, ಇದ್ದಿಲು ಸುಟ್ಟವರು, ತಿದಿ ಒತ್ತಿದವರು, ಕಬ್ಬಿಣ ಬಡಿದ ಕಮ್ಮಾರರು, ಬಿದಿರು ಕಡಿದವರು, ತೊಗಲು ಹದ ಮಾಡಿದವರು, ಹೀಗೆ ಎಷ್ಟು ಜನರ ಕೈಚಳಕ ಸೇರಿದರೆ ಒಂದು ಬಾಣ! ಅದನ್ನು ಅರಸನೊಬ್ಬ ಒಂಟಿಯಾಗಿ ಕಂಡುಹಿಡಿಯಲಿಲ್ಲ. ಹೈದರ ಮಾಡಿದ್ದು ಈ ಕೈಗಳನ್ನು ಒಂದೆಡೆ ಸೇರಿಸಿದ ಕೆಲಸ.

ಪೊಳ್ಳಿಲೂರಿನ ಹೊಗೆ

ತಂದೆಯ ಬಳಿ ಇದ್ದದ್ದು 50 ಬಾಣಗಾರರು. ಮಗ ಕಟ್ಟಿದ ಬಾಣಗಾರರ ದಳದಲ್ಲಿ ಸುಮಾರು 1,200 ಮಂದಿ ಇದ್ದರು. ಅವರಿಗೆ ತರಬೇತಿ ಇತ್ತು. ಗುರಿ ಎಷ್ಟು ದೂರವಿದೆ, ಕೊಳವೆ ಎಷ್ಟು ದಪ್ಪವಿದೆ ಎಂಬುದನ್ನು ನೋಡಿಕೊಂಡು ಬಾಣವನ್ನು ಎಷ್ಟು ಓರೆಯಾಗಿ ಇಡಬೇಕೆಂದು ತೀರ್ಮಾನಿಸಬೇಕಿತ್ತು. ನೀವು ರೇಖಾಗಣಿತದಲ್ಲಿ ಕಲಿಯುವ ಕೋನ ಅಲ್ಲಿ ಕೆಲಸಕ್ಕೆ ಬರುತ್ತಿತ್ತು.

1780ರ ಸೆಪ್ಟೆಂಬರ್ 10ರಂದು ಕಾಂಚೀಪುರದ ಬಳಿಯ ಪೊಳ್ಳಿಲೂರಿನಲ್ಲಿ ಹೈದರ ಮತ್ತು ಟಿಪ್ಪುವಿನ ಸೈನ್ಯ ಈಸ್ಟ್ ಇಂಡಿಯಾ ಕಂಪನಿಯ ಕರ್ನಲ್ ಬೈಲಿಯ ಪಡೆಯನ್ನು ಸುತ್ತುವರಿಯಿತು. ಕಾಳಗದ ನಡುವೆ ಬೈಲಿಯ ಪಡೆಯ ಮದ್ದಿನ ಬಂಡಿಗಳು ಸ್ಫೋಟಗೊಂಡವು. ಮೈಸೂರಿನ ಬಾಣ ಬಿದ್ದೇ ಅವು ಸಿಡಿದವು ಎಂದು ಅನೇಕ ಇತಿಹಾಸಕಾರರು ಹೇಳುತ್ತಾರೆ. ಕಂಪನಿಯ ಪಡೆ ಸೋತಿತು. ಶ್ರೀರಂಗಪಟ್ಟಣದ ದರಿಯಾ ದೌಲತ್ ಬಾಗಿನ ಗೋಡೆಯ ಮೇಲೆ ಈ ಯುದ್ಧದ ದೊಡ್ಡ ಚಿತ್ರವಿದೆ. ಸಿಡಿಯುತ್ತಿರುವ ಮದ್ದಿನ ಬಂಡಿಯನ್ನು ಅದರಲ್ಲಿ ಕಾಣಬಹುದು.

ಗೆಲುವಿನ ಚಿತ್ರ ನೋಡಲು ಚೆನ್ನ. ಆದರೆ ಆ ಹೊಗೆಯ ಅಡಿಯಲ್ಲಿ ಎರಡೂ ಕಡೆ ಸತ್ತವರು, ಕೈಕಾಲು ಕಳೆದುಕೊಂಡವರು ಮನುಷ್ಯರೇ. ಬೈಲಿಯ ಪಡೆಯಲ್ಲಿದ್ದವರಲ್ಲೂ ಹೆಚ್ಚಿನವರು ನಮ್ಮ ದೇಶದ ಸಿಪಾಯಿಗಳೇ. ಬೆಂಕಿಗೆ ಶತ್ರು ಮಿತ್ರ ಎಂಬ ಭೇದವಿಲ್ಲ. ಬಾಣದ ಕಥೆ ಹೇಳುವಾಗ ಇದನ್ನೂ ಮರೆಯಬಾರದು.

ಬರೆಯಲು ಬಾರದ ದೊರೆ

ಹೈದರನಿಗೆ ಅಕ್ಷರ ಬಾರದು ಎಂದೆನಲ್ಲ? ಆದರೆ ಅವನ ನೆನಪಿನ ಶಕ್ತಿ ಅಸಾಧಾರಣವಾಗಿತ್ತು. ಕನ್ನಡ, ತೆಲುಗು, ತಮಿಳು, ಮರಾಠಿ, ಹಿಂದೂಸ್ತಾನಿ, ಈ ಐದು ಭಾಷೆಗಳಲ್ಲಿ ಸಲೀಸಾಗಿ ಮಾತನಾಡುತ್ತಿದ್ದ. ಗುಮಾಸ್ತರು ಓದುವ ಲೆಕ್ಕಪತ್ರಗಳನ್ನು ಕಿವಿಯಿಂದ ಕೇಳಿಯೇ ತಪ್ಪು ಹಿಡಿಯುತ್ತಿದ್ದ. ರುಜು ಹಾಕಬೇಕಾದಾಗ ತನ್ನ ಹೆಸರಿನ ಮೊದಲ ಅಕ್ಷರವೊಂದನ್ನೇ ಬರೆಯುತ್ತಿದ್ದ, ಅದೂ ತಿರುಗುಮುರುಗಾಗಿ!

1782ರಲ್ಲಿ ಅವನ ಬೆನ್ನಿನ ಮೇಲೆ ಕೆಟ್ಟ ಹುಣ್ಣೊಂದು ಎದ್ದಿತು. ಇದನ್ನು ನಮ್ಮ ಹಳ್ಳಿಗಳಲ್ಲಿ ಬೆನ್ನುಫಣಿ ಎನ್ನುತ್ತಿದ್ದರು. ಆ್ಯಂಟಿಬಯೋಟಿಕ್ ಔಷಧಿಗಳಿಲ್ಲದ ಕಾಲ ಅದು. ಯುದ್ಧ ನಡೆಯುತ್ತಿರುವಾಗಲೇ, 1782ರ ಡಿಸೆಂಬರ್ 7ರಂದು, ಚಿತ್ತೂರಿನ ಬಳಿಯ ಬಿಡಾರದಲ್ಲಿ ಹೈದರ ತೀರಿಕೊಂಡ. ಶ್ರೀರಂಗಪಟ್ಟಣದ ಗುಂಬಜ್‌ನಲ್ಲಿ ಅವನ ಸಮಾಧಿ ಇದೆ.

ಟಿಪ್ಪು ಬಾಣಗಾರರ ದಳವನ್ನು ಇನ್ನಷ್ಟು ಬೆಳೆಸಿದ. ಬೆಂಗಳೂರಿನ ಹಳೆಯ ಪೇಟೆಯಲ್ಲಿ ಬಾಣ ಬಿರುಸು ತಯಾರಾಗುತ್ತಿದ್ದ ಜಾಗಕ್ಕೆ ತಾರಾಮಂಡಲಪೇಟೆ ಎಂಬ ಹೆಸರೇ ಬಂತು. ಎಷ್ಟು ಚೆಂದದ ಹೆಸರು ನೋಡಿ! 1799ರಲ್ಲಿ ಶ್ರೀರಂಗಪಟ್ಟಣ ಬಿದ್ದು ಟಿಪ್ಪು ಮಡಿದ ಮೇಲೆ ಬ್ರಿಟಿಷರಿಗೆ ಅಲ್ಲಿ ಬಳಕೆಗೆ ಸಿದ್ಧವಾಗಿದ್ದ 700 ಬಾಣಗಳೂ 9,000 ಖಾಲಿ ಕೊಳವೆಗಳೂ ಸಿಕ್ಕವು. ಬಾಣಗಳು ಸಿಕ್ಕವು ಸರಿ. ಆದರೆ ಅವನ್ನು ಮಾಡಿದವರು ಯಾರು? ಯಾವ ಕಮ್ಮಾರ ಮೊದಲ ಕಬ್ಬಿಣದ ಕೊಳವೆ ಬಡಿದ? ಎಷ್ಟು ಕೊಳವೆಗಳು ಒಡೆದ ಮೇಲೆ ಸರಿಯಾದ ದಪ್ಪ ಹೊಳೆಯಿತು? ಆ ಪ್ರಯೋಗದಲ್ಲಿ ಯಾರ ಬೆರಳು ಹೋಯಿತು, ಯಾರ ಕಣ್ಣು ಹೋಯಿತು? ಆ ಕಮ್ಮಾರರ ಒಂದು ಹೆಸರೂ ನಮಗೆ ಉಳಿದಿಲ್ಲ. ಹೈದರನ ನೆನಪು ಎಷ್ಟೇ ದೊಡ್ಡದಾಗಿದ್ದರೂ ಅದು ಅವನ ಜೊತೆಗೇ ಹೋಯಿತು. ಕುಲುಮೆಯವರ ವಿದ್ಯೆ ಅವರ ಕೈಯಲ್ಲೇ ಇತ್ತು. ಕೈ ನಿಂತಾಗ ಅದೂ ನಿಂತಿತು.

ಅಳೆದು ಬರೆದವನು

ಆ ಬಾಣಗಳಲ್ಲಿ ಕೆಲವು ಹಡಗು ಏರಿ ಇಂಗ್ಲೆಂಡಿನ ವೂಲ್ವಿಚ್‌ಗೆ ಹೋದವು. ಅಲ್ಲಿ ಸರ್ಕಾರಿ ಆಯುಧಶಾಲೆ ಇತ್ತು. ವಿಲಿಯಂ ಕಾಂಗ್ರೀವ್ ಎಂಬಾತ ಈ ವಿಷಯದಲ್ಲಿ ಆಸಕ್ತಿ ತೆಗೆದುಕೊಂಡ. 1804ರ ಸುಮಾರಿಗೆ ಅವನು ಮಾಡಿದ ಮೊದಲ ಕೆಲಸ ಏನು ಗೊತ್ತೇ? ತನ್ನ ಸ್ವಂತ ಹಣದಿಂದ ಲಂಡನ್ನಿನಲ್ಲಿ ಸಿಗುವ ದೊಡ್ಡ ದೊಡ್ಡ ಬಿರುಸು ರಾಕೆಟ್ಟುಗಳನ್ನು ಕೊಂಡು, ಹಾರಿಸಿ, ಅವು ಹೋದ ದೂರವನ್ನು ಅಳೆದ. ಭಾರತದ ಬಾಣಗಳು ಹೋಗುತ್ತಿದ್ದ ದೂರದ ಸುಮಾರು ಅರ್ಧದಷ್ಟು ಮಾತ್ರ ಅವು ಹೋದವು! ಆಮೇಲೆ ಅವನಿಗೆ ಆಯುಧಶಾಲೆಯ ಸೌಕರ್ಯ ಸಿಕ್ಕಿತು. ಒಂದೊಂದೇ ಅಂಶವನ್ನು ಬದಲಿಸಿ, ಪ್ರತಿ ಸಲವೂ ಅಳೆದು, ಗುರುತು ಹಾಕಿಕೊಂಡು ಮುಂದುವರಿದ. ಕಬ್ಬಿಣದ ಕೊಳವೆಯ ತನ್ನದೇ ರಾಕೆಟ್ಟು ತಯಾರಿಸಿದ. ಅದರ ಬಗ್ಗೆ ಚಿತ್ರಗಳ ಸಮೇತ ಪುಸ್ತಕಗಳನ್ನು ಅಚ್ಚು ಹಾಕಿಸಿದ. 1807ರಲ್ಲಿ ಕೋಪನ್‌ಹೇಗನ್ ನಗರದ ಮೇಲೆ ಬ್ರಿಟಿಷರು ಈ ರಾಕೆಟ್ಟುಗಳನ್ನು ಸುರಿದರು. ನಗರ ಹೊತ್ತಿ ಉರಿಯಿತು. ಈಗಲೂ ಪ್ರಪಂಚದ ಪುಸ್ತಕಗಳಲ್ಲಿ ಅವುಗಳ ಹೆಸರು ಕಾಂಗ್ರೀವ್ ರಾಕೆಟ್.

ಅವನು ನಮ್ಮ ವಿದ್ಯೆಯನ್ನು ಕದ್ದ ಎಂದು ನಿಮಗೆ ಸಿಟ್ಟು ಬರಬಹುದು. ಆದರೆ ಒಂದು ನಿಮಿಷ ಯೋಚಿಸಿ. ಅವನು ಮಾಡಿದ್ದರಲ್ಲಿ ನಾವು ಮಾಡದೇ ಬಿಟ್ಟದ್ದು ಯಾವುದು? ಕೊಳವೆ ಬಡಿಯುವುದು ನಮಗೆ ಮೊದಲೇ ಗೊತ್ತಿತ್ತು. ಮದ್ದು ತುಂಬುವುದೂ ಗೊತ್ತಿತ್ತು. ಮಾಡಿದ್ದನ್ನು ಬರೆದಿಟ್ಟು ಎಲ್ಲರಿಗೂ ತಲುಪಿಸುವುದು ಮಾತ್ರ ಆಗಲಿಲ್ಲ. ಬೆಂಗಳೂರಿನ ವೈಮಾನಿಕ ವಿಜ್ಞಾನಿ ಪ್ರೊ. ರೊದ್ದಂ ನರಸಿಂಹ ಅವರು 1985ರಲ್ಲಿ ಮೈಸೂರು ಮತ್ತು ಬ್ರಿಟನ್ನಿನ ರಾಕೆಟ್ಟುಗಳನ್ನು ಹೋಲಿಸಿ ಸಂಶೋಧನಾ ವರದಿ ಬರೆದರು. ಅದಕ್ಕಾಗಿ ಅವರು ವೂಲ್ವಿಚ್‌ನಲ್ಲಿ ಉಳಿದಿದ್ದ ಬಾಣಗಳನ್ನೂ ಬ್ರಿಟಿಷರ ಬರಹಗಳನ್ನೂ ಆಧರಿಸಬೇಕಾಯಿತು. ನಮ್ಮ ಬಾಣದ ಕಥೆ ತಿಳಿಯಲು ಅಷ್ಟು ದೂರ ಹೋಗಬೇಕಾಯಿತು ನೋಡಿ!

ಬಾವಿಯೊಳಗಿನ ಬಾಣಗಳು

ಇನ್ನೊಂದು ಸ್ವಾರಸ್ಯ ಕೇಳಿ. ಶಿವಮೊಗ್ಗ ಜಿಲ್ಲೆಯ ಹೊಸನಗರ ತಾಲ್ಲೂಕಿನಲ್ಲಿ ನಗರ ಎಂಬ ಹಳ್ಳಿ ಇದೆ. ಅದರ ಹಳೆಯ ಹೆಸರು ಬಿದನೂರು, ಕೆಳದಿ ಅರಸರ ರಾಜಧಾನಿ. 1763ರಲ್ಲಿ ಹೈದರ ಅದನ್ನು ಗೆದ್ದು ಹೈದರ್‌ನಗರ ಎಂದು ಕರೆದ. ಜನರ ಬಾಯಲ್ಲಿ ಅದು ಬರೀ ನಗರ ಆಯಿತು. 2002ರಲ್ಲಿ ಅಲ್ಲಿನ ಹಾಳುಬಾವಿಯೊಂದರಲ್ಲಿ ತುಕ್ಕು ಹಿಡಿದ ಸುಮಾರು 160 ಕಬ್ಬಿಣದ ಕೊಳವೆಗಳು ಸಿಕ್ಕವು. ಅವು ಫಿರಂಗಿಯ ಗುಂಡುಗಳಿರಬೇಕೆಂದು ವಸ್ತುಸಂಗ್ರಹಾಲಯದಲ್ಲಿ ಇಡಲಾಯಿತು. ಎಷ್ಟೋ ವರ್ಷಗಳ ನಂತರ ಪರೀಕ್ಷಿಸಿದಾಗ ಅವು ಮೈಸೂರಿನ ಬಾಣಗಳು ಎಂದು ತಿಳಿಯಿತು. 2018ರಲ್ಲಿ ಪುರಾತತ್ವ ಇಲಾಖೆಯವರು ಅದೇ ಬಾವಿಯನ್ನು ಅಗೆದಾಗ ಇನ್ನೂ ಸುಮಾರು 1,000 ಬಾಣಗಳು ಸಿಕ್ಕವು. ಮಣ್ಣಿನಲ್ಲಿ ಆಗಲೂ ಮದ್ದಿನ ವಾಸನೆ ಇತ್ತಂತೆ!

ವಸ್ತು ಕೈಯಲ್ಲಿದ್ದರೂ ಅದು ಏನೆಂದು ಹೇಳುವ ಒಂದು ಚೀಟಿಯೂ ಅದರ ಜೊತೆ ಇರಲಿಲ್ಲ. ಈಗ ವಿಜ್ಞಾನಿಗಳು ಆ ಕೊಳವೆಗಳನ್ನು ಅಳೆದು, ತೂಗಿ, ಒಳಗಿನ ಪುಡಿಯನ್ನು ಪರೀಕ್ಷಿಸಿ, ಕಮ್ಮಾರರು ಬರೆಯದೆ ಬಿಟ್ಟದ್ದನ್ನು ಕಬ್ಬಿಣದಿಂದಲೇ ಓದಬೇಕಾಗಿದೆ.

ನಿಮಗೊಂದು ಎಚ್ಚರಿಕೆ

ಇದನ್ನೆಲ್ಲ ಓದಿ ನಿಮ್ಮಲ್ಲಿ ಕೆಲವರ ಕೈ ತುರಿಸುತ್ತಿರಬಹುದು. ಶಾಲೆಗಳಿಗೆ ಹೋದಾಗ ನಾನು ನೋಡಿದ್ದೇನೆ. ದೀಪಾವಳಿಯ ಮರುದಿನ ಬೀದಿಯಲ್ಲಿ ಬಿದ್ದ ಠುಸ್ ಪಟಾಕಿಗಳನ್ನು ಆರಿಸಿ, ಬಿಚ್ಚಿ, ಮದ್ದು ಒಟ್ಟುಮಾಡಿ ಹೊಸದೇನೋ ಮಾಡಲು ಹೊರಡುವ ಹುಡುಗರಿದ್ದಾರೆ. ಅವರು ದಡ್ಡರಲ್ಲ. ಬಹಳ ಸಲ ತರಗತಿಯಲ್ಲಿ ಒಳ್ಳೆಯ ಪ್ರಶ್ನೆ ಕೇಳುವವರೂ ಅವರೇ. ಅದಕ್ಕೇ ಈ ಮಾತನ್ನು ಅವರಿಗೇ ಹೇಳುತ್ತಿದ್ದೇನೆ.

ಪಟಾಕಿಯ ಮದ್ದನ್ನು ಬಿಚ್ಚಬೇಡಿ, ಕೆರೆಯಬೇಡಿ, ಕುಟ್ಟಬೇಡಿ, ಡಬ್ಬಿಯಲ್ಲಿ ತುಂಬಬೇಡಿ. ಈಗಿನ ಪಟಾಕಿಗಳಲ್ಲಿ ಹೈದರನ ಕಾಲದ ಕರಿ ಮದ್ದಿಗಿಂತ ತೀಕ್ಷ್ಣವಾದ ರಾಸಾಯನಿಕಗಳೂ ಇರುತ್ತವೆ. ಬೆಂಕಿ ತಾಗದಿದ್ದರೂ ಬರಿಯ ಉಜ್ಜಾಟಕ್ಕೆ ಅವು ಸಿಡಿಯಬಹುದು. ಪ್ರತಿ ದೀಪಾವಳಿಯಲ್ಲೂ ಬೆಂಗಳೂರಿನ ಮಿಂಟೋ ಕಣ್ಣಿನ ಆಸ್ಪತ್ರೆಗೆ ಪಟಾಕಿಯಿಂದ ಕಣ್ಣಿಗೆ ಪೆಟ್ಟಾದವರು ಬರುತ್ತಾರೆ. ಅವರಲ್ಲಿ ಮಕ್ಕಳೂ ಇರುತ್ತಾರೆ, ಪಕ್ಕದಲ್ಲಿ ನಿಂತು ಸುಮ್ಮನೆ ನೋಡುತ್ತಿದ್ದವರೂ ಇರುತ್ತಾರೆ. ಬಂಡೆ ಒಡೆಯುವ ಕಲ್ಲುಕ್ವಾರಿಗಳ ಬಳಿ ವೈರು ಅಂಟಿದ ಕೊಳವೆಯಂಥ ವಸ್ತು ಬಿದ್ದಿದ್ದರೆ ಮುಟ್ಟಲೇಬೇಡಿ. ಓಡಿಹೋಗಿ ದೊಡ್ಡವರಿಗೆ ತಿಳಿಸಿ.

ಮದ್ದಿನ ಬೆಂಕಿಯನ್ನು ಮುಚ್ಚಿ ಆರಿಸಲಾಗದು ಎಂದು ಹೇಳಿದ್ದು ನೆನಪಿದೆಯೇ? 2023ರ ಅಕ್ಟೋಬರ್ 7ರಂದು ಆನೇಕಲ್ ತಾಲ್ಲೂಕಿನ ಅತ್ತಿಬೆಲೆಯಲ್ಲಿ ಪಟಾಕಿ ಮಳಿಗೆಯೊಂದಕ್ಕೆ ಬೆಂಕಿ ಬಿತ್ತು. ಲಾರಿಯಿಂದ ಪಟಾಕಿ ಪೆಟ್ಟಿಗೆಗಳನ್ನು ಇಳಿಸುತ್ತಿದ್ದ ಹೊತ್ತು. ಆ ದಿನವೇ 14 ಮಂದಿ ಸತ್ತರು. ಆಸ್ಪತ್ರೆಯಲ್ಲಿ ಮತ್ತೂ ಕೆಲವರು ತೀರಿಕೊಂಡರು. ಅವರಲ್ಲಿ ಅನೇಕರು ಹಬ್ಬದ ಸಮಯದಲ್ಲಿ ನಾಲ್ಕು ಕಾಸು ಸಂಪಾದಿಸಲು ತಮಿಳುನಾಡಿನಿಂದ ಬಂದಿದ್ದ ಎಳೆಯ ಹುಡುಗರು. ಹೈದರ ಪ್ರಾಣ ಉಳಿಸಿಕೊಳ್ಳಲು ಓಡಿ ಬಂದ ಅದೇ ಆನೇಕಲ್ ಸೀಮೆಯಲ್ಲಿ ಈ ಹುಡುಗರಿಗೆ ಓಡಲು ದಾರಿಯೇ ಸಿಗಲಿಲ್ಲ.

ನಿಮ್ಮ ಬಾಣ, ನಿಮ್ಮ ಪುಸ್ತಕ

ಹಾಗಾದರೆ ರಾಕೆಟ್ ಪ್ರಯೋಗ ಮಾಡುವುದೇ ಬೇಡವೇ? ಖಂಡಿತ ಮಾಡಿ! ಮದ್ದಿಲ್ಲದೆ, ಬೆಂಕಿಯಿಲ್ಲದೆ ಮಾಡಿ. ತರಗತಿಯ ಒಂದು ಕಿಟಕಿಯಿಂದ ಎದುರು ಕಿಟಕಿಗೆ ದಾರ ಬಿಗಿಯಾಗಿ ಕಟ್ಟಿ. ಕಟ್ಟುವ ಮೊದಲು ದಾರವನ್ನು ಎಳನೀರು ಕುಡಿಯುವ ಸ್ಟ್ರಾದೊಳಗೆ ತೂರಿಸಿ. ಬಲೂನನ್ನು ಊದಿ, ಬಾಯಿ ಹಿಡಿದುಕೊಂಡು, ಅಂಟುಪಟ್ಟಿಯಿಂದ ಸ್ಟ್ರಾಗೆ ಅಂಟಿಸಿ. ಈಗ ಬಾಯಿ ಬಿಡಿ. ಎಷ್ಟು ದೂರ ಹೋಯಿತು? ಅಳೆಯಿರಿ. ಮುಂದಿನ ಸಲ ಗಾಳಿ ಕಡಿಮೆ ತುಂಬಿ ನೋಡಿ. ಆಮೇಲೆ ಉದ್ದ ಬಲೂನು ಬಳಸಿ ನೋಡಿ. ಒಂದು ಸಲಕ್ಕೆ ಒಂದೇ ಅಂಶವನ್ನು ಬದಲಿಸಿ. ಪ್ರತಿಯೊಂದನ್ನೂ ಮೂರು ಮೂರು ಸಲ ಮಾಡಿ.

ಮಾಡಿದ್ದನ್ನೆಲ್ಲ ಪುಸ್ತಕದಲ್ಲಿ ಬರೆಯಿರಿ. ಯಾವ ದಿನ, ಯಾವ ಬಲೂನು, ಎಷ್ಟು ಸೆಂಟಿಮೀಟರ್, ಯಾವುದು ಕೆಟ್ಟುಹೋಯಿತು, ಏಕೆ ಕೆಟ್ಟಿತು ಎಂಬುದನ್ನು ಬಿಡದೆ ಬರೆಯಿರಿ. ಕೆಟ್ಟ ಪ್ರಯೋಗವನ್ನು ಹೊಡೆದು ಹಾಕಬೇಡಿ, ಅದೂ ಇರಲಿ. ಯಾರು ದಾರ ಹಿಡಿದರು, ಯಾರು ಊದಿದರು, ಯಾರು ಅಳೆದರು ಎಂದು ಎಲ್ಲರ ಹೆಸರೂ ಅಲ್ಲಿರಲಿ. ಮಾಗಡಿಯ ಕಡೆ ಕುಲುಮೆಯ ಮುಂದೆ ಕುಳಿತು ಕಬ್ಬಿಣ ಬಡಿದವರಿಗೆ ಆ ಅವಕಾಶ ಸಿಗಲಿಲ್ಲ. ನಿಮಗೆ ಅಕ್ಷರ ಬರುತ್ತದೆ. ಬರೆದು ನಿಮ್ಮ ವಿಜ್ಞಾನ ಶಿಕ್ಷಕರಿಗೆ ತೋರಿಸಿ, ಮುಂದಿನ ವರ್ಷ ಬರುವ ತರಗತಿಗಾಗಿ ಪುಸ್ತಕವನ್ನು ಶಾಲೆಯ ಕಪಾಟಿನಲ್ಲಿ ಇಡಿ.